ಆರಿಸಿದ ಒಲೆ

ಜುಲೈ 9, ಮಂಗಳವಾರ

ಗಾಸ್ಪರ್ ಆಸ್ಪತ್ರೆಯಿಂದ ಮನೆಗೆ ಬಂದ, ನನ್ನ ಗಂಡ ಉಸಿರಾಡುತ್ತಿದ್ದಾನೆ! ಚಿಲಿಯ ಈ ಚಿಯ್ಯಾನ್ ಊರಿನ ಜುಲೈ ಚಳಿಗೆಂದು ಅತ್ತೆ ಮದುವೆಗೆ ಕೊಟ್ಟ ಸೌದೆ ಒಲೆಯನ್ನು ನಾನೇ ಕುಣಿಯುತ್ತ ಹೊತ್ತಿಸಿದ್ದೆ. ಹೊಗೆ ತಗಲಿದ್ದೇ ಅವನ ಶ್ವಾಸನಾಳ ಬಿಗಿದುಕೊಂಡಿತು. ಏಳು ತಿಂಗಳಿಗೇ ಹುಟ್ಟಿದವನನ್ನು ಆಗ ಉಳಿಸಿದ ಆಮ್ಲಜನಕವೇ, ಸಣ್ಣದಕ್ಕೂ ಬೆಚ್ಚಿ ಮುಚ್ಚಿಕೊಳ್ಳುವ ಈ ಅಭ್ಯಾಸವನ್ನೂ ಆ ನಾಳಕ್ಕೆ ಕಲಿಸಿರಬಹುದು ಎಂದರು ಡಾಕ್ಟರು. ಪೆದ್ದಿ ನಾನು, ಅದನ್ನು ಫೋನಿನಲ್ಲಿ ಅತ್ತೆಗೆ ಹೇಳಿಬಿಟ್ಟೆ.

“ಆಮ್ಲಜನಕ ಕಮ್ಮಿ ಮಾಡ್ಬೇಡಿ ಅಂತ ನರ್ಸನ್ನ ಬೇಡಿಕೊಂಡವಳು ನಾನೇ ಕಣೆ, ಮಗಳೇ.”

“ನೀವು ಬೇಡದಿದ್ರೆ ನಂಗೆ ಗಂಡ ಎಲ್ಲಿರ್ತಿದ್ದ, ಅತ್ತೆ?”

ಆ ಕಡೆ ಬರೀ ಬಿಕ್ಕು. ಗಾಸ್ಪರ್ ಹಾಸಿಗೆಯಿಂದಲೇ ಕೂಗಿದ: “ಅಳೋದು ಬಿಟ್ಟು ಕುಂಬಳದ ರೊಟ್ಟಿ ತಗೊಂಡು ಬಾರಮ್ಮ!” ಅವರು ನಗಲಿಲ್ಲ.

ಮನೆ ಕೊರೆಯುತ್ತಿದೆ. ಬಂದವರು ಮೊದಲು ಆ ತಣ್ಣನೆಯ ಒಲೆಯನ್ನೇ ನೋಡುತ್ತಾರೆ. ಶುಕ್ರವಾರ, ಸಾಂತಿಯಾಗೊದಿಂದ ಬರುವ ಸಂಜೆಯ ರೈಲಿಗೆ ಅತ್ತೆ ಬರುತ್ತಾರೆ; ಅವರ ಕಣ್ಣಿಗೂ ಮೊದಲು ಬೀಳುವುದು ಅದೇ.