ನಮ್ಮ ಬೀದಿಗೆ ಐದಕ್ಕೆ ಐದು

ಮನೆಯಿಂದ,
ಹದಿನಾಲ್ಕನೇ ತಾರೀಕು, ಮಂಗಳವಾರ

ಪ್ರೀತಿಯ ಅಪ್ಪನಿಗೆ,

ಅಕ್ಕನ ಮನೆಗೆ ಹೋದ ಮೇಲೆ ಸೊಂಟದ ನೋವು ಹೇಗಿದೆ? ಚೆನ್ನಾಗಿದೆ ಅನ್ನಬೇಡಿ. ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರಿರಿ ಎಂದು ಅಕ್ಕ ಎಲ್ಲ ಹೇಳಿದ್ದಾಳೆ. ಫೋನಿನಲ್ಲಿ ಏನು ಕೇಳಿದರೂ ‘ಆಯ್ತು, ಎಲ್ಲ ಚೆನ್ನಾಗಿದೆ’ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ ನೀವು ಅಡ್ಡಬಾಯಿ ಹಾಕುವಂತಿಲ್ಲ. ನಿಮ್ಮ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು, ಬಟ್ಟೆ ಹೊದಿಸಿಟ್ಟಿದ್ದೇನೆ. ಕತ್ತರಿಯನ್ನು ಯಾರಿಗೂ ಮುಟ್ಟಲು ಕೊಟ್ಟಿಲ್ಲ, ಕಾಗದ ಕತ್ತರಿಸಲು ಕೇಳಿದ ನಿಮ್ಮ ಕಿರಿಯಳಿಯನಿಗೂ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ನಗರಸಭೆಗೆ ದೂರು ಕೊಟ್ಟವರಿಗೆ ಕರೆ ಮಾಡಿ, ಕೆಲಸ ಆಯಿತೇ, ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುವುದು. ಬಂದ ಅಂಕಗಳನ್ನೆಲ್ಲ ಕಂಪ್ಯೂಟರ್ ಕೂಡಿಸಿ, ಗೋಡೆಯ ಮೇಲಿನ ದೊಡ್ಡ ನಕ್ಷೆಯಲ್ಲಿ ಒಂದೊಂದು ಬೀದಿಗೂ ಬಣ್ಣ ಹಚ್ಚುತ್ತದೆ. ಕೆಂಪು ಬೀದಿಗೆ ಮೊದಲು ಆಳುಗಳು ಹೋಗುತ್ತಾರೆ. ಹಸಿರು ಬೀದಿಯ ಕಡೆ ಯಾರೂ ತಿರುಗಿ ನೋಡುವುದಿಲ್ಲ. ನಿನ್ನೆ ಇಡೀ ನಕ್ಷೆಯಲ್ಲಿ ಎಲ್ಲಕ್ಕಿಂತ ಹಸಿರು ಬೀದಿ ಯಾವುದೆಂದು ಹೇಳಿ ಮೇಲಿನವರು ಚಪ್ಪಾಳೆ ಹೊಡೆಸಿದರು. ನಮ್ಮ ಬೀದಿ, ಅಪ್ಪ. ನೀವು ಬಿದ್ದ ಬೀದಿ. ನಾನು ಅಲ್ಲಿಯವಳೆಂದು ನನ್ನನ್ನೇ ಎದ್ದು ನಿಲ್ಲಿಸಿ ಹೂಗುಚ್ಛ ಕೊಟ್ಟರು. ನಾನೂ ಹಲ್ಲು ಕಿರಿದು ಈಸಿಕೊಂಡೆ.

ಕಡಿಮೆ ಅಂಕ ಬಂದರೆ ಕರೆ ಮಾಡಿದ ಹುಡುಗಿಗೇ ಬೈಗುಳ ಬೀಳುತ್ತದೆಂದು ಎಂದೋ ಊಟಕ್ಕೆ ಕೂತಾಗ ಹೇಳಿದ್ದೆ. ಅಷ್ಟಕ್ಕೇ ನಿಮ್ಮ ಕರುಳು ಚುರುಕ್ ಅಂದಿತು. ಗೇಟಿನ ಮುಂದಿನ ಮೋರಿಯ ಚಪ್ಪಡಿ ಒಡೆದಿದೆ ಎಂದು ದೂರು ಕೊಟ್ಟವರು ನೀವೇ; ಯಾರೂ ಬಂದು ಕಣ್ಣು ಹಾಯಿಸದಿದ್ದರೂ, ನಮ್ಮ ಕಚೇರಿಯ ಇನ್ನೊಬ್ಬ ಹುಡುಗಿ ಕರೆ ಮಾಡಿದಾಗ ‘ಕೆಲಸ ಆಯ್ತಮ್ಮ, ಐದು ಬರ್ಕೋ’ ಅಂದವರೂ ನೀವೇ. ಸಾಲದ್ದಕ್ಕೆ ಮೇಲಿನ ಮನೆಯ ಮೇಷ್ಟರಿಗೂ ಮೂಲೆಮನೆ ಅಜ್ಜಿಗೂ ಉಳಿದವರಿಗೂ ‘ನಮ್ಮ ಹುಡುಗಿ ಕೆಲಸ ಮಾಡೋ ಕಡೆ, ಐದೇ ಕೊಡಿ’ ಎಂದು ಹೇಳಿಕೊಟ್ಟಿರಿ. ಇದು ನನಗೆ ಗೊತ್ತಾಗಿದ್ದು ನೀವು ಆ ಒಡೆದ ಚಪ್ಪಡಿಯ ಸಂದಿಯಲ್ಲಿ ಕಾಲು ಸಿಕ್ಕಿಸಿಕೊಂಡು ಬಿದ್ದ ಮೇಲೆ, ಅಜ್ಜಿ ಅಳುತ್ತಾ ಹೇಳಿದಾಗ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ನನ್ನ ಮೇಲಿನ ಪ್ರೀತಿಗೆ ನಿಮ್ಮ ಸೊಂಟ ಮುರಿಯಿತು.

ಇಂಜಿನಿಯರ್ ಹತ್ತಿರ ಮೂರು ಸಲ ಹೋದೆ. ‘ನಿಮ್ಮ ಬೀದಿಯವ್ರೇ ಐದು ಕೊಟ್ಟಿದ್ದಾರೆ, ಯಾವ ಮುಖ ಇಟ್ಕೊಂಡು ಆಳು ಕಳಿಸ್ಲಿ?’ ಅಂದರು. ಅವರನ್ನೂ ಬೈಯುವಂತಿಲ್ಲ, ಅವರ ಮುಂದಿನ ಹಾಳೆಯಲ್ಲಿ ಚಪ್ಪಡಿ ಗಟ್ಟಿಯಾಗಿದೆ. ಹೊಸ ದೂರು ಹಾಕಿದರೆ ‘ಈ ಕೆಲಸ ಮುಗಿದಿದೆ’ ಎಂದು ಕಂಪ್ಯೂಟರ್ ವಾಪಸ್ ಕಳಿಸುತ್ತದೆ. ನೀವಾದರೂ ನಿಜ ಹೇಳಿ ಎಂದು ಮೇಷ್ಟರನ್ನು ಕೇಳಿಕೊಂಡರೆ, ಹೂಗುಚ್ಛ ತಂದವಳಿಗೆ ಕೆಟ್ಟ ಹೆಸರು ತರುವುದೇ ಅನ್ನುತ್ತಾರೆ. ದಿನಾ ಬೆಳಿಗ್ಗೆ ಆ ಸಂದಿ ದಾಟಿ ಹೋಗಿ, ಸಂಜೆಯವರೆಗೂ ಊರಿನವರನ್ನೆಲ್ಲ ಸರಿಹೋಯಿತೇ ಎಂದು ಕೇಳಿ, ಮತ್ತೆ ಅದನ್ನೇ ದಾಟಿ ಒಳಗೆ ಬರುತ್ತೇನೆ. ಅದು ಸರಿಯಾಗುವ ತನಕ ಊರುಗೋಲು ಹಿಡಿದ ನಿಮ್ಮನ್ನು ಮನೆಗೆ ಕರೆತರುವ ಧೈರ್ಯ ನನಗಿಲ್ಲ.

ಅಂಗಡಿಯಲ್ಲಿ ನೀವು ಹೇಳುತ್ತಿದ್ದುದು ನೆನಪಿದೆಯೇ? ‘ಚೆನ್ನಾಗಿದೆ ಅಂದೋರು ಹೊರಟೋದ್ರು. ಕಂಕುಳಲ್ಲಿ ಬಿಗಿ ಅಂದೋರೇ ನಂಗೆ ಹೊಲಿಗೆ ಕಲಿಸಿದ್ದು.’ ಅದನ್ನೊಮ್ಮೆ ನೆನಪಿಸಿಕೊಳ್ಳಿ.

ಮಾತ್ರೆ ತಪ್ಪಿಸಬೇಡಿ. ಅಕ್ಕನಿಗೆ ಕೇಳಿದೆನೆಂದು ಹೇಳಿ, ಮಕ್ಕಳಿಗೆ ಒಂದೊಂದು ಮುತ್ತು. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಕಿರಿಮಗಳು

ತಾ.ಕ.: ಮುಗಿದ ಕೆಲಸಗಳಲ್ಲಿ ಕೆಲವನ್ನು ಮತ್ತೆ ಕರೆ ಮಾಡಿ ವಿಚಾರಿಸುತ್ತೇವೆ. ಆಗ ಕಡಿಮೆ ಅಂಕ ಬಂದರೆ ಮುಚ್ಚಿದ ದೂರು ಮತ್ತೆ ತೆರೆಯುತ್ತದೆ. ಈ ಸಲ ನಿಮ್ಮ ನಂಬರ್ ನನ್ನ ಪಾಲಿಗೇ ಬಂದಿದೆ. ಮನೆಯವರ ಕರೆಯನ್ನು ಬೇರೆಯವರಿಗೆ ಕೊಡಬೇಕೆಂಬ ನಿಯಮವಿದೆ. ಕೊಟ್ಟರೆ ನೀವು ಆ ಹುಡುಗಿಗೂ ಐದು ಕೊಟ್ಟುಬಿಡುತ್ತೀರಿ. ಆದ್ದರಿಂದ ಬರುವ ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನೇ ಮಾಡುತ್ತೇನೆ. ಮಾತೆಲ್ಲ ರೆಕಾರ್ಡ್ ಆಗುತ್ತದೆ. ನಾನು ‘ಸರ್’ ಅನ್ನುತ್ತೇನೆ. ನೀವು ‘ಊಟ ಆಯ್ತಾ ಮಗಳೇ’ ಅನ್ನಬೇಡಿ. ಚಪ್ಪಡಿ ಒಡೆದೇ ಇದೆ, ನಾನು ಬಿದ್ದೆ ಅನ್ನಿ. ಅಂಕ ಕೇಳಿದಾಗ ಒಂದು ಕೊಡಿ. ಬೈಗುಳ ನನಗೇ ಬೀಳುತ್ತದೆ, ಬೀಳಲಿ. ನನ್ನ ಧ್ವನಿ ನಡುಗಿದರೂ ಎರಡು ಮಾಡಬೇಡಿ.