ಮೊಣಕಾಲಿನ ಜಡ್ಡು

ಮಾರ್ಚ್ ೧೧, ಬುಧವಾರ
ಬೆಳಿಗ್ಗೆ ಒಂಬತ್ತೂವರೆ

ನನ್ನ ಅಕ್ಕನ ಮಗಳು, ಮುದ್ದಿನ ಗುಬ್ಬಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ನಿನ್ನ ಗಂಡನಿಗೂ ಆ ಇಬ್ಬರು ತುಂಟರಿಗೂ ಕರ್ತನು ಒಳ್ಳೆಯದನ್ನೇ ಮಾಡಲಿ. ನಾನೂ ನಿನ್ನ ಅತ್ತೆಯೂ ಇದ್ದೇವೆ. ‘ಕ್ಷೇಮ’ ಎಂದು ಬರೆಯಲು ಹೊರಟಿದ್ದೆ. ಇವತ್ತು ಸುಳ್ಳು ಬರೆಯಬಾರದೆಂದು ತೀರ್ಮಾನಿಸಿ ಕುಳಿತಿರುವುದರಿಂದ ‘ಇದ್ದೇವೆ’ ಎಂದಷ್ಟೇ ಬರೆದೆ.

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಕನ್ನಡಕದ ಕಾಲು ಮುರಿದದ್ದು, ಅತ್ತೆಗೆ ಜ್ವರ ಬಂದದ್ದು, ನನ್ನ ಸೊಂಟ ಹಿಡಿದದ್ದು ಎಂದು ಮೂರು ಕಾರಣ ಕೊಡಬಲ್ಲೆ. ಮೂರೂ ನಿಜ. ಆದರೆ ತಡವಾದದ್ದು ಅವುಗಳಿಂದಲ್ಲ. ಅಕ್ಷರ ಮಾತ್ರ ನೋಡು, ಈ ವಯಸ್ಸಿನಲ್ಲೂ ಮುತ್ತು ಪೋಣಿಸಿದ ಹಾಗಿದೆ. ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಕಾಪಿ ಬರೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಮೇಷ್ಟರು ನನ್ನ ಪುಸ್ತಕವನ್ನು ಇನ್ಸ್‌ಪೆಕ್ಟರಿಗೆ ತೋರಿಸಲೆಂದೇ ಬೀರುವಿನಲ್ಲಿಟ್ಟಿದ್ದರು. ಆರು ಜನ ಮಾತ್ರ ಓದುತ್ತಿದ್ದ ಶಾಲೆ ಎಂಬುದನ್ನು ನಾನು ಸಾಮಾನ್ಯವಾಗಿ ಹೇಳುವುದಿಲ್ಲ.

ಮೊದಲು ಅತ್ತೆಯ ಸುದ್ದಿ. ಬಲಗೈ ಹಾಗೇ ಇದೆ, ಬಲಗಾಲೂ ಹಾಗೇ. ಪಾರ್ಶ್ವವಾಯು ಬಡಿದು ಹದಿನಾಲ್ಕು ತಿಂಗಳಾದರೂ ಮಾತು ಬಂದಿಲ್ಲ. ‘ಊಂ’ ಎಂಬ ಒಂದು ಸದ್ದು ಉಳಿದಿದೆ, ಅದರಲ್ಲೇ ನನ್ನನ್ನು ಬೈಯುತ್ತಾಳೆ. ಬೆಳಿಗ್ಗೆ ಎಬ್ಬಿಸಿ ಕೂರಿಸುವುದು, ಹಲ್ಲುಜ್ಜಿಸುವುದು, ಚಾದರ ಬದಲಿಸುವುದು, ಗಂಜಿಯನ್ನು ತುಟಿಯ ಎಡತುದಿಯಿಂದ ಹಾಕುವುದು, ಮತ್ತೆ ಮಲಗಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು. ಮೂವತ್ನಾಲ್ಕು ವರ್ಷ ಬಣ್ಣದ ಕಾರ್ಖಾನೆಯ ಬಾಯ್ಲರನ್ನು ಒಬ್ಬನೇ ಆಳಿದ ಈ ಭೀಮಸೇನ ಒಂದು ಚಾದರದ ಮುಂದೆ ಸೋತು ಕೂತಿದ್ದಾನೆ. ದಣಿದಿದ್ದೇನೆ ಮಗಳೇ. ಮಲಗಿ ಎದ್ದರೂ ಹೋಗದ ದಣಿವು.

ಇನ್ನು ನಿನ್ನ ಕಾಗದ. ಅದನ್ನು ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಗಳು ಹರಿದಿವೆ. “ಮಾವ, ನನ್ನ ಕೈಲಿ ಪ್ರಾರ್ಥನೆ ಆಗ್ತಿಲ್ಲ. ಎರಡು ದಿನ ಮಾಡ್ತೀನಿ, ನಾಲ್ಕು ದಿನ ಬಿಡ್ತೀನಿ. ಕಾರ್ಖಾನೇಲಿ ಹೊಲಿಗೆ ಮುಗಿಸಿ, ಮನೇಲಿ ಮಕ್ಕಳದ್ದು ಮುಗಿಸಿ ಮಂಡಿಯೂರಿದ್ರೆ ಹಾಗೇ ನಿದ್ದೆ ಬರುತ್ತೆ. ಎದ್ದಾಗ ಕೆನ್ನೆ ಮೇಲೆ ಚಾದರದ ಗೆರೆ ಬಿಟ್ರೆ ಬೇರೇನೂ ಇರಲ್ಲ. ನಿಮ್ಮ ಹಾಗೆ ಒಂದು ದಿನಾನೂ ತಪ್ಪದೆ ಮಾಡೋಕೆ ಆಗದಿದ್ರೆ ಈ ನಾಟಕ ಯಾಕೆ? ಪೂರ್ತಿ ಬಿಟ್ಟುಬಿಡೋಣ ಅನ್ಸಿದೆ. ಬಿಡೋ ಮುಂಚೆ ಕೇಳ್ತಿದ್ದೀನಿ, ನೀವು ಹೇಗೆ ಮಾಡಿದ್ರಿ?”

ಇದಕ್ಕೆ ನಾನು ಹೇಗೆ ಉತ್ತರ ಬರೆಯಲಿ? ನಾನು ಮಾಡಿಯೇ ಇರಲಿಲ್ಲ ಗುಬ್ಬಿ.

ಕುರ್ಚಿಯಿಂದ ಬೀಳಬೇಡ. ವಿವರವಾಗಿ ಬರೆಯುತ್ತೇನೆ.

ನಮ್ಮ ಸಭೆಯ ದೇವಾಲಯದ ಬಾಗಿಲ ಹಿಂದೆ ಒಂದು ದೊಡ್ಡ ಪಟ್ಟಿ ತೂಗುಹಾಕಿರುತ್ತಿತ್ತಲ್ಲ, ಪ್ರಾರ್ಥನಾ ಸರಪಳಿಯ ಪಟ್ಟಿ? ದಿನಕ್ಕೆ ಅರ್ಧ ಗಂಟೆಯಂತೆ ಪ್ರತಿಯೊಬ್ಬರೂ ಒಂದು ಹೊತ್ತನ್ನು ವಹಿಸಿಕೊಳ್ಳಬೇಕು. ಭಾನುವಾರ ಬಂದಾಗ ಕಳೆದ ವಾರದ ಏಳು ಚೌಕಗಳಲ್ಲಿ, ಮಾಡಿದ ದಿನಕ್ಕೆ ಗೆರೆ ಎಳೆಯಬೇಕು. ಎಲ್ಲರ ಸಾಲಿನಲ್ಲೂ ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲಲ್ಲಿ ಖಾಲಿ. ನನ್ನ ಸಾಲು ಮಾತ್ರ ಭರ್ತಿ. ಯಾಕೆ ಗೊತ್ತೇ? ಕಾರ್ಖಾನೆಯಲ್ಲಿ ಗಂಟೆಗೊಮ್ಮೆ ಬಾಯ್ಲರಿನ ಒತ್ತಡ ನೋಡಿ ಪುಸ್ತಕದಲ್ಲಿ ಬರೆಯಬೇಕು. ನಾನು ಬೆಳಿಗ್ಗೆ ಬಂದವನೇ ಪಾಳಿಯ ಎಂಟೂ ಗಂಟೆಗಳ ಅಂಕಿಗಳನ್ನು ಒಂದೇ ಸಲ ಬರೆದು ಮುಗಿಸುತ್ತಿದ್ದೆ. ಬಾಯ್ಲರಿನ ಉಸಿರು ಕೇಳಿಯೇ ನನಗೆ ಅದರ ಹೊಟ್ಟೆಯಲ್ಲೇನಿದೆ ಎಂದು ತಿಳಿಯುತ್ತಿತ್ತು; ಮುಳ್ಳು ನೋಡುವುದು ಕಿವಿಯಿಲ್ಲದವರ ಕೆಲಸ. ಮೂವತ್ನಾಲ್ಕು ವರ್ಷದಲ್ಲಿ ಒಂದು ಸಲವೂ ಅದು ಸಿಡಿದಿಲ್ಲ. ಆ ಕಿವಿಯನ್ನು ಬಾಯ್ಲರೇ ತಿಂದುಹಾಕಿತು ಬಿಡು, ಈಗ ಫೋನಿನಲ್ಲಿ ಅರ್ಧ ಮಾತು ಕೇಳುವುದಿಲ್ಲ, ಅದಕ್ಕೇ ಈ ಕಾಗದ.

ಅದೇ ಅಭ್ಯಾಸ ಸಭೆಗೂ ಬಂತು. ಕಳೆದ ವಾರದ ಜೊತೆಗೆ ಬರುವ ವಾರದ ಏಳು ಗೆರೆಗಳನ್ನೂ ಎಳೆದುಬಿಡುತ್ತಿದ್ದೆ. ಒಂದು ಸಲ ಪಾದ್ರಿ ಅಯ್ಯನವರು ಬೆನ್ನ ಹಿಂದೆ ಬಂದು ನಿಂತಿದ್ದರು. “ಏನ್ರೀ ಇದು, ನಾಳೆ ಮಾಡೋ ಪ್ರಾರ್ಥನೆಗೆ ಇವತ್ತೇ ಗೆರೆ?” ಎಂದರು. “ನಂಬಿಕೆಯಿಂದ ಮುಂಗಡ ಹಾಕಿದೀನಿ ಅಯ್ಯನವರೇ” ಎಂದೆ. ಆ ಪುಣ್ಯಾತ್ಮರು ಅದನ್ನು ಆವತ್ತಿನ ಪ್ರಸಂಗದಲ್ಲೇ ಹೇಳಿ ನನ್ನನ್ನು ಹೊಗಳಿದರು!

ಇದರ ಮೇಲೆ ಮೊಣಕಾಲಿನ ಜಡ್ಡು. ನೀನು ಚಿಕ್ಕವಳಿದ್ದಾಗ ಅದನ್ನು ಬೆರಳಿನಿಂದ ಒತ್ತಿ, “ಮಾವ, ಇದು ಪ್ರಾರ್ಥನೆ ಮಾಡಿ ಮಾಡಿ ಆಗಿದ್ದಾ?” ಎಂದು ಕೇಳುತ್ತಿದ್ದೆ. ಅಯ್ಯನವರು ಯುವಕರ ಕೂಟದಲ್ಲಿ ನನ್ನ ಪ್ಯಾಂಟು ಮೇಲೆತ್ತಿಸಿ ಎಲ್ಲರಿಗೂ ತೋರಿಸಿದ್ದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ವಿನಯದಿಂದ ಎಂದುಕೊಂಡರು. ಬಾಯ್ಲರಿನ ಕೆಸರು ನೀರು ಹೊರಬಿಡುವ ವಾಲ್ವು ನೆಲದಿಂದ ಒಂದು ಗೇಣು ಮೇಲಿದೆ ಕಣಮ್ಮ. ದಿನಕ್ಕೆ ಆರು ಸಲ ಸಿಮೆಂಟಿನ ಮೇಲೆ ಮಂಡಿಯೂರಿ ತಿರುಗಿಸದಿದ್ದರೆ ಅದು ಕದಲುವುದಿಲ್ಲ. ಆ ಜಡ್ಡು ಕಾರ್ಖಾನೆಯದ್ದು, ಕರ್ತನದ್ದಲ್ಲ.

ಹಾಗಾದರೆ ನಮ್ಮ ಮನೆಯಲ್ಲಿ ಯಾರೂ ಪ್ರಾರ್ಥಿಸುತ್ತಿರಲಿಲ್ಲವೇ? ನಿನ್ನ ಅತ್ತೆ ಮಾಡುತ್ತಿದ್ದಳು. ಬೆಳಿಗ್ಗೆ ಕಾಫಿ ಕುಡಿದು, ಅಡುಗೆಮನೆಯ ಮೇಜಿನ ಮುಂದೆ, ಅದೇ ಕುರ್ಚಿ, ಅದೇ ಹೊತ್ತು. ಗೋಡೆಯ ಈಚೆ ನಾನು ಗಡ್ಡ ಹೆರೆದುಕೊಳ್ಳುತ್ತಿದ್ದೆ. ಅವಳು ಹೆಸರು ಹಿಡಿದು ಒಬ್ಬೊಬ್ಬರನ್ನೇ ಕರ್ತನ ಮುಂದಿಡುತ್ತಿದ್ದಳು. ಕುಂಟುವ ತರಕಾರಿಯವಳು, ಅಯ್ಯನವರ ಗಂಟಲು, ನನ್ನ ಜೊತೆ ಕೆಲಸ ಮಾಡುತ್ತಿದ್ದ ಎಲೆಕ್ಟ್ರಿಷಿಯನ್ನು, ಇದ್ದಷ್ಟು ದಿನ ನಿಮ್ಮಮ್ಮ, ಆಮೇಲೆ ನೀನು. ಮದುವೆಯಾಗಿ ಮೂವತ್ತೆಂಟು ವರ್ಷ ನಾನು ಅದನ್ನು ರೇಡಿಯೋ ಕೇಳಿದ ಹಾಗೆ ಕೇಳಿದ್ದೇನೆ. ‘ಆಮೆನ್’ ಕೇಳಿದರೆ ಮುಖ ತೊಳೆಯುವ ಹೊತ್ತು.

ಆಸ್ಪತ್ರೆಯಿಂದ ಅವಳನ್ನು ಮನೆಗೆ ಕರೆತಂದ ಮರುದಿನ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂರಿಸಿ, ನಾನು ಕೆನ್ನೆಗೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಆಚೆಯಿಂದ ಸದ್ದಿಲ್ಲ. ಇಣುಕಿ ನೋಡಿದರೆ ತಲೆಬಾಗಿಸಿ ಕೂತಿದ್ದಾಳೆ. ಕಾಯುತ್ತಿದ್ದಾಳೆ. ಹತ್ತು ನಿಮಿಷವಾಯಿತು, ಸೋಪು ಒಣಗಿತು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಎದುರಿನ ಕುರ್ಚಿಯಲ್ಲಿ ಕೂರದೆ ನನಗೆ ಬೇರೆ ದಾರಿ ಇರಲಿಲ್ಲ.

ಶುರು ಮಾಡಿದೆ. ಸಭೆಯಲ್ಲಿ ಮಾಡುವ ಹಾಗೆ ಆಕಾಶ, ನಕ್ಷತ್ರ, ಸಮುದ್ರ ಎಲ್ಲವನ್ನೂ ಸೇರಿಸಿ ಭರ್ಜರಿಯಾಗಿ ಎತ್ತಿಕೊಂಡೆ. ಟಕ್! ಕಣ್ಣು ಬಿಟ್ಟರೆ ಎಡಗೈಯಲ್ಲಿ ಚಮಚ ಹಿಡಿದು ಮೇಜಿಗೆ ಕುಟ್ಟಿದ್ದಾಳೆ. ಇನ್ನೊಮ್ಮೆ ನಕ್ಷತ್ರಕ್ಕೆ ಹೋದೆ, ಟಕ್. “ಏನೇ ಬೇಕು ನಿಂಗೆ?” ಎಂದೆ. “ಊಂ.” ಕೊನೆಗೆ ಹೊಳೆಯಿತು. ತರಕಾರಿಯವಳ ಹೆಸರು ಹೇಳಿದೆ. ಚಮಚ ಸುಮ್ಮನಾಯಿತು. ಮುಂದಿನ ಹೆಸರು, ಅದರ ಮುಂದಿನದು. ಗೋಡೆಯ ಈಚೆ ನಿಂತು ಕೇಳಿದ್ದೆನಲ್ಲ, ಸಾಲು ತಪ್ಪದೆ ಬಂತು. ಹಾಗೆ ಅರವತ್ತಾರನೇ ವಯಸ್ಸಿನಲ್ಲಿ, ಅರ್ಧ ಗಡ್ಡದಲ್ಲಿ, ನಿನ್ನ ಮಾವನ ಪ್ರಾರ್ಥನಾ ಜೀವನ ಶುರುವಾಯಿತು.

ಅವತ್ತಿನಿಂದ ಒಂದು ದಿನವೂ ತಪ್ಪಿಲ್ಲ. ಇದು ಜಂಬವಲ್ಲ, ತಪ್ಪಿಸಲು ಅವಳು ಬಿಡುವುದಿಲ್ಲ. ಎಲೆಕ್ಟ್ರಿಷಿಯನ್ನಿನ ಜೊತೆ ನನಗೆ ಜಗಳವಾದ ವಾರ ಅವನ ಹೆಸರು ಹಾರಿಸಿದೆ, ಟಕ್. ತೂಕಡಿಸಿದರೆ ಟಕ್. ಬೇಗ ಮುಗಿಸಲು ‘ಇವರೆಲ್ಲರನ್ನೂ ಕಾಪಾಡು ತಂದೆಯೇ’ ಎಂದು ಒಂದೇ ಕಟ್ಟು ಕಟ್ಟಿದರೆ ಎರಡು ಸಲ ಟಕ್.

ಮಾಡುವಾಗ ಏನನ್ನಿಸುತ್ತದೆ ಎಂದು ನೀನು ಕೇಳಬಹುದು. ಹೆಚ್ಚಿನ ದಿನ ಏನೂ ಅನ್ನಿಸುವುದಿಲ್ಲ. ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗುತ್ತದೆ, ಸೊಂಟ ನೋಯುತ್ತದೆ. ನಮ್ಮ ಬಾಯ್ಲರನ್ನು ಆರಲು ಬಿಟ್ಟರೆ ಮತ್ತೆ ಹಬೆ ಏರಿಸಲು ಅರ್ಧ ದಿನ ಬೇಕಿತ್ತು; ಅದಕ್ಕೇ ರಜೆಯ ದಿನವೂ ಒಬ್ಬ ಹೋಗಿ ಒಂದು ಬುಟ್ಟಿ ಕಲ್ಲಿದ್ದಲು ಹಾಕಿ ಬರುತ್ತಿದ್ದ. ಅವತ್ತು ಯಂತ್ರ ತಿರುಗುತ್ತಿರಲಿಲ್ಲ, ಬಣ್ಣ ಬೇಯುತ್ತಿರಲಿಲ್ಲ, ಆದರೂ ಬುಟ್ಟಿ ಬೀಳುತ್ತಿತ್ತು. ನಾನು ಈಗ ಮಾಡುವುದು ಅಷ್ಟೇ.

ಆದ್ದರಿಂದ ನಿದ್ದೆ ಬಂದರೆ ಬರಲಿ. ಚಾದರದ ಗೆರೆಯೊಂದಿಗೆ ಎದ್ದು ಒಂದು ಹೆಸರು ಹೇಳು, ನಿನ್ನ ದೊಡ್ಡವನದ್ದೋ ಚಿಕ್ಕವಳದ್ದೋ, ಸಾಕು. ಹೊಲಿಗೆ ಯಂತ್ರದ ಮುಂದೆ ದಾರ ಪೋಣಿಸುವಾಗ ಹೇಳಿದರೂ ಆದೀತು. ನಾಲ್ಕು ದಿನ ತಪ್ಪಿದರೆ ಐದನೆಯ ದಿನ ಬಾ. ಯಾರ ಸಾಲನ್ನು ನೋಡಿ ನಿನ್ನ ಸಾಲನ್ನು ಅಳೆಯುತ್ತಿದ್ದೆಯೋ ಆ ಸಾಲು ಖಾಲಿಯಿತ್ತು ಮಗಳೇ. ನೀನು ಬಿಟ್ಟರೆ ಅದು ನನ್ನ ಸುಳ್ಳಿನಿಂದ ಬಿಟ್ಟ ಹಾಗೆ. ಅದೊಂದು ಭಾರ ನನ್ನ ತಲೆಯ ಮೇಲೆ ಬೇಡ, ಇರುವುದೇ ಹೊರಲಾರದಷ್ಟಿದೆ.

ಇನ್ನೊಂದು ಮಾತಿದೆ. ಸಾಲಿನಲ್ಲಿ ನಿನ್ನ ಹೆಸರು ಹೇಳಿ ಮುಗಿಸಿದ ಮೇಲೆ ದಿನವೂ ಚಮಚ ಒಂದು ಸಲ ಕುಟ್ಟುತ್ತದೆ. ಅಲ್ಲಿ ಯಾರನ್ನೋ ಬಿಟ್ಟಿದ್ದೇನೆ. ಅವಳು ಆರೋಗ್ಯವಾಗಿದ್ದಾಗಲೂ, ಕೆಲವು ವರ್ಷಗಳಿಂದ, ಆ ಜಾಗಕ್ಕೆ ಬಂದರೆ ದನಿ ತಗ್ಗಿಸಿಬಿಡುತ್ತಿದ್ದಳು. ಗೋಡೆಯ ಈಚೆ ಕೇಳುತ್ತಿರಲಿಲ್ಲ. ಹದಿನಾಲ್ಕು ತಿಂಗಳು ಊಹಿಸಿದೆ. ನಿನ್ನ ಗಂಡ? ಟಕ್. ನಿನ್ನ ಅತ್ತೆಮನೆಯವರು? ಟಕ್. ಹೋದ ಭಾನುವಾರ ಎಲೆಕ್ಟ್ರಿಷಿಯನ್ ಅತ್ತೆಯನ್ನು ನೋಡಲು ಬಂದಿದ್ದ, ಅವನಿಂದ ಅದು ಯಾರೆಂದು ಗೊತ್ತಾಯಿತು. ಬರೆಯುತ್ತೇನೆ, ಸ್ವಲ್ಪ ತಾಳು.

ಅತ್ತೆಯ ಮಗ್ಗುಲು ತಿರುಗಿಸುವ ಹೊತ್ತಾಯಿತು. ಮಕ್ಕಳ ತಲೆಯ ಮೇಲೆ ಕೈಯಿಟ್ಟು ನಮ್ಮಿಬ್ಬರ ಪರವಾಗಿ ಹರಸು. ದಣಿದ ನಿನ್ನ ಕೈಗಳಿಗೆ ಕರ್ತನು ಬಿಡುವು ಕೊಡಲಿ, ನಿನ್ನ ಮನೆಯ ಬಾಗಿಲು ಕಾಯಲಿ.

ಇಂತಿ,
ನಿನ್ನ ಸುಳ್ಳುಬುರುಕ ಮಾವ

ಮರೆತ ಮಾತು: ಮರೆತದ್ದಲ್ಲ. ಮೇಲಿನದಕ್ಕೆ ಸಹಿ ಹಾಕಿ, ಕಾಗದ ಮಡಿಸಿ, ಮತ್ತೆ ಬಿಚ್ಚಿದ್ದೇನೆ.

ಹನ್ನೊಂದು ವರ್ಷದ ಹಿಂದೆ ನಿಮ್ಮಮ್ಮನ ಆಪರೇಷನ್ನಿನ ದಿನ ನೀನು ಕಾರ್ಖಾನೆಗೆ ಫೋನು ಮಾಡಿದ್ದೆ. “ಹತ್ತಕ್ಕೆ ಅಮ್ಮನ್ನ ಒಳಗೆ ಕರ್ಕೊಂಡು ಹೋಗ್ತಾರೆ ಮಾವ. ಹತ್ತರಿಂದ ಹನ್ನೊಂದು ನೀವು ಪ್ರಾರ್ಥನೆ ಮಾಡ್ತಿರಿ. ನೀವಾದ್ರೆ ನಂಗೆ ಧೈರ್ಯ.” ನಾನು, “ಆಗ್ಲೇ ಮೊಣಕಾಲ ಮೇಲಿದೀನಿ ಕಣೇ ಹುಡುಗಿ” ಎಂದೆ. ಇರಲಿಲ್ಲ. ಎಲೆಕ್ಟ್ರಿಷಿಯನ್ನು ಎದುರಿಗಿದ್ದ, ನಡುವೆ ಕೇರಂ ಹಲಗೆ ಇತ್ತು. ಈ ಒಂದು ಆಟ ಮುಗಿಸಿ ಕೂರೋಣ ಎಂದುಕೊಂಡೆ. ಒಂದು ಎರಡಾಯಿತು, ಎರಡು ಮೂರಾಯಿತು. ನನ್ನ ಅಕ್ಕ ಹತ್ತೂವರೆಗೆ ಹೋದಳು. ಮಣ್ಣು ಮಾಡಿದ ದಿನ ನೀನು ನನ್ನ ಎರಡೂ ಕೈ ಹಿಡಿದು, “ನೀವು ಮೊಣಕಾಲ ಮೇಲಿದ್ರಲ್ಲ ಮಾವ, ಅಮ್ಮ ಒಂಟಿಯಾಗಿ ಹೋಗಲಿಲ್ಲ” ಎಂದೆ. ನಾನು ತಲೆಯಾಡಿಸಿದೆ. ಹೌದು ಎಂದು.

ಎಲೆಕ್ಟ್ರಿಷಿಯನ್ನು ಆಗಲೇ, ಆ ದುಃಖದಲ್ಲಿ, ಅತ್ತೆಯ ಹತ್ತಿರ ಹೇಳಿಬಿಟ್ಟಿದ್ದನಂತೆ. “ಅತ್ತಿಗೆಗೆ ಗೊತ್ತಿತ್ತು ಕಣಯ್ಯಾ, ನಿಂಗೆ ಹೇಳಬೇಡ ಅಂದಿದ್ರು” ಎಂದು ಹೋದ ಭಾನುವಾರ ಹೇಳಿದ. ಹನ್ನೊಂದು ವರ್ಷ ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಿನ್ನ ಹೆಸರಾದ ಮೇಲೆ ಅವಳು ದನಿ ತಗ್ಗಿಸಿ ಹೇಳುತ್ತಿದ್ದದ್ದು ನನ್ನ ಹೆಸರು.

ಇವತ್ತು ಬೆಳಿಗ್ಗೆ ಆ ಜಾಗಕ್ಕೆ ಬಂದಾಗ ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ, ಕರ್ತನಿಗೆ, ಅವಳಿಗೂ ಕೇಳುವ ಹಾಗೆ. ಚಮಚ ಸದ್ದು ಮಾಡಲಿಲ್ಲ. ಆಮೇಲೆ ಎಡಗೈಯಿಂದ ಈ ಕಾಗದದ ಕಟ್ಟನ್ನು ನನ್ನ ಕಡೆ ತಳ್ಳಿದಳು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಪ್ರಾರ್ಥಿಸಿದ್ದರೆ ಅಕ್ಕ ಉಳಿಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ, ಆದರೆ ನೀನು ಒಬ್ಬಳೇ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ, ನಾನು ಜೊತೆಗಿದ್ದೇನೆ ಎಂದಿದ್ದೆ. ನನಗೆ ಉತ್ತರ ಬರೆಯದಿದ್ದರೂ ಸರಿ. ನೀನು ಹೇಳುವ ಆ ಒಂದು ಹೆಸರನ್ನು ಮಾತ್ರ ಬಿಡಬೇಡ.

ಆವತ್ತು ಮೂರು ಆಟವನ್ನೂ ನಾನೇ ಗೆದ್ದಿದ್ದೆ. ಅದನ್ನು ಬರೆಯದಿದ್ದರೆ ಪೂರ್ತಿ ಹೇಳಿದ ಹಾಗಾಗುವುದಿಲ್ಲ.