ಖಾಲಿ ಬಿಟ್ಟ ವರ್ಷ

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಗಂಟಲು ನೋವು ಕಡಿಮೆಯಾಯಿತಾ? ದಿನಕ್ಕೆರಡು ಪ್ರದರ್ಶನ ಒಪ್ಪಿಕೊಂಡು ಆಮೇಲೆ ದನಿ ಬಿದ್ದುಹೋಯಿತು ಅನ್ನಬೇಡ, ಬಿಸಿನೀರು ಕುಡಿ. ಫೋನ್ ಮಾಡಿದರೆ "ಮೇಕಪ್ಪಲ್ಲಿದ್ದೀನಿ ಕಣೇ, ಆಮೇಲೆ" ಅಂತ ಇಟ್ಟುಬಿಡುತ್ತೀಯ, ಆ ಆಮೇಲೆ ಬರುವುದೇ ಇಲ್ಲ. ಅದಕ್ಕೇ ಈ ಕಾಗದ. ಇಲ್ಲಿ ನಾವೆಲ್ಲ ಇದ್ದೇವೆ. ಪಾಪುವಿಗೆ ಐದು ತಿಂಗಳು ತುಂಬಿತು. ಮಲಗಿದರೆ ಉಸಿರಾಡುತ್ತಿದ್ದಾಳಾ ಅಂತ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ, ಎದ್ದರೆ ಯಾಕೆ ಎದ್ದಳು ಅಂತ ಹೆದರುತ್ತೇನೆ. "ಕಾವಲುಗಾರರಿಗೂ ಪಾಳಿ ಇರುತ್ತೆ ಮಹರಾಯ್ತಿ, ನೀನೂ ಸ್ವಲ್ಪ ಮಲಗು" ಅಂತಾರೆ ಇವರು. ಕಣ್ಣು ಮುಚ್ಚುತ್ತೇನೆ. ನಿದ್ದೆ ಅನ್ನುವುದು ಮಾತ್ರ ಈ ಮನೆಯ ವಿಳಾಸ ಮರೆತಿದೆ.

ಅಪ್ಪ ಹೋಗಿ ಇವತ್ತಿಗೆ ಇಪ್ಪತ್ತಮೂರು ದಿನ. ನಾನು ಇನ್ನೂ ಅತ್ತಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತಲ್ಲ, ಒಳಗೆಲ್ಲ ಹಾಗಿದೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೇ. ಬಂದವರೆಲ್ಲ ದೊಡ್ಡ ಜೀವ ಅಂದರು. ನಾಟಕಕ್ಕಾಗಿಯೇ ಒಂದು ಪತ್ರಿಕೆಯನ್ನು ಮೂವತ್ತೊಂದು ವರ್ಷ ಒಬ್ಬರೇ ನಡೆಸಿದವರು, ನಟರ ಹೆಸರು ಚಪ್ಪಾಳೆಯ ಜೊತೆಗೇ ಸತ್ತುಹೋಗಬಾರದು ಅಂತ ಪ್ರಶಸ್ತಿ ಹುಟ್ಟುಹಾಕಿದವರು ಅಂದರು. ನಾನು ತಲೆಯಾಡಿಸಿದೆ. ನನಗೆ ನೆನಪಾಗುತ್ತಿದ್ದದ್ದು ಮೂರನೇ ಸಾಲಿನ ಮೂಲೆ ಕುರ್ಚಿಯಲ್ಲಿ ಕೂತು ಕತ್ತಲಲ್ಲೇ ಟಿಪ್ಪಣಿ ಬರೆಯುತ್ತಿದ್ದ ಅಪ್ಪ. ಒಂದು ಸಾಲಿನ ಹೆಗಲ ಮೇಲೆ ಇನ್ನೊಂದು ಸಾಲು ಹತ್ತಿಕೊಂಡಿರುತ್ತಿತ್ತು, ಬೆಳಗಾದರೆ ಅವರಿಗೇ ಓದಲು ಬರುತ್ತಿರಲಿಲ್ಲ. "ಕರಿಯೇ ದೊಡ್ಡವಳನ್ನ" ಅನ್ನುತ್ತಿದ್ದರು. ನೀನು ಹಲ್ಲುಜ್ಜುತ್ತಲೇ ಗಡಗಡ ಓದಿ ಹೇಳುತ್ತಿದ್ದೆ.

ಈಗ ಪತ್ರಿಕೆಯ ಕೊನೆಯ ಸಂಚಿಕೆ ನನ್ನ ತಲೆಗೆ ಬಂದಿದೆ. ಅಪ್ಪನ ನೆನಪಿನ ಸಂಚಿಕೆ, ಭಾನುವಾರ ಪ್ರಶಸ್ತಿ ಸಮಾರಂಭದಲ್ಲಿ ಬಿಡುಗಡೆ. ಅಚ್ಚಿನಮನೆಯಿಂದ ಮೊಳೆ ಮಾಮ ದಿನವೂ ಬರುತ್ತಾರೆ. ಅಚ್ಚುಮೊಳೆ ಹೋಗಿ ಕಂಪ್ಯೂಟರ್ ಬಂದು ಎಷ್ಟು ವರ್ಷವಾದರೂ ಅವರ ಹೆಸರು ಮಾತ್ರ ಬದಲಾಗಲಿಲ್ಲ ನೋಡು. ಪ್ರೂಫನ್ನು ಇಬ್ಬರು ನೋಡಬೇಕು, ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಮೂಲಪ್ರತಿಯಲ್ಲಿ ಬೆರಳಿಟ್ಟುಕೊಂಡು ಬರಬೇಕು ಅನ್ನುವುದು ಅಪ್ಪನ ಕ್ರಮ. ನಾವಿಬ್ಬರೂ ಮಾಡುತ್ತಿದ್ದೆವಲ್ಲ, ನೀನು "ಪೂರ್ಣವಿರಾಮ" ಅನ್ನುವುದನ್ನೂ ಖಳನಾಯಕನ ದನಿಯಲ್ಲಿ ಅನ್ನುತ್ತಿದ್ದೆ. ಈಗ ಇನ್ನೊಬ್ಬರಿಲ್ಲ, ಪಾಪುವಿಗೇ ಓದುತ್ತೇನೆ. ಅವಳು ಮೂಲಪ್ರತಿಯ ತುದಿ ಚೀಪುತ್ತಾಳೆ. "ತಪ್ಪನ್ನೆಲ್ಲ ನುಂಗೋ ಸಂಪಾದಕಿ ಸಿಕ್ಕಳು ಬಿಡಮ್ಮ" ಅಂದರು ಮೊಳೆ ಮಾಮ. ನಕ್ಕೆ ಅಂತ ಕಾಣುತ್ತದೆ.

ಪ್ರಶಸ್ತಿ ಪಡೆದವರ ಪಟ್ಟಿಯನ್ನೂ ಹಾಕಬೇಕಿತ್ತು. ಇಪ್ಪತ್ತೆರಡು ವರ್ಷ, ಇಪ್ಪತ್ತೊಂದು ಹೆಸರು. ಒಂಬತ್ತು ವರ್ಷದ ಹಿಂದಿನ ಸಾಲಿನಲ್ಲಿ "ಈ ವರ್ಷ ಪ್ರಶಸ್ತಿ ಇಲ್ಲ" ಅಂತಷ್ಟೇ ಇದೆ. ಆ ವರ್ಷವನ್ನು ನೀನು ಮರೆತಿರುತ್ತೀಯಾ? ನೀನು ಮೊದಲ ಸಲ ನಾಯಕಿಯಾಗಿದ್ದೆ. ಮನೆಯವರ ಹೆಸರು ಪತ್ರಿಕೆಯಲ್ಲಿ ಬರಕೂಡದು ಅನ್ನುವುದು ಅಪ್ಪನ ಕಟ್ಟಳೆ. ವಿಮರ್ಶೆಯಲ್ಲಿ ಪರದೆ ಎಳೆದವರ ಹೆಸರೂ ಇತ್ತು, ನಾಯಕಿಯದು ಇರಲಿಲ್ಲ. "ಮನೇಲೂ ಇಲ್ಲ ಅಂತ ಬರ್ಕೊಳ್ಳಿ" ಅಂತ ಅಪ್ಪನಿಗೆ ಹೇಳಿ ನೀನು ಊರೂರು ತಿರುಗುವ ತಂಡ ಸೇರಿಬಿಟ್ಟೆ. ಆಮೇಲೆ ಬಂದದ್ದು ನನ್ನ ಮದುವೆಗೆ, ಅದೂ ಊಟಕ್ಕೆ ಕೂರಲಿಲ್ಲ. ಅಪ್ಪ ಹೋದಾಗ ಯಾಕೆ ಬರಲಿಲ್ಲ ಅಂತ ನಾನು ಕೇಳುವುದಿಲ್ಲ.

ಮೊನ್ನೆ ಹಳೆಯ ಕಡತದಲ್ಲಿ ಆ ವರ್ಷದ ಲಕೋಟೆ ಸಿಕ್ಕಿತು. ಐವರು ತೀರ್ಪುಗಾರರ ಐದು ಚೀಟಿ. ಐದರಲ್ಲೂ ನಿನ್ನ ಹೆಸರೇ ಇದೆ ಅಕ್ಕಾ. ಜೊತೆಗೆ ಆ ತೀರ್ಪುಗಾರರಿಗೆ ಅಪ್ಪ ಬರೆದ ಪತ್ರದ ನಕಲು: "ನನ್ನ ಮಗಳಿಗೆ ನಾನು ಕೊಡಲಾರೆ. ಅವಳಿಗೆ ಸಲ್ಲಬೇಕಾದ್ದನ್ನು ಇನ್ನೊಬ್ಬರಿಗೂ ಕೊಡಲಾರೆ. ಈ ವರ್ಷ ಖಾಲಿ ಇರಲಿ. ಇದು ನಮ್ಮನಮ್ಮಲ್ಲೇ ಇರಲಿ." ಮೊಳೆ ಮಾಮನಿಗೆ ಗೊತ್ತಿತ್ತಂತೆ. "ನಾಲ್ಕೇ ಪದ ಕಣಮ್ಮ, ಅದನ್ನ ಅಚ್ಚಿಗೆ ಬಿಡೋಕೆ ನಿಮ್ಮಪ್ಪ ಒಂದು ಇಡೀ ಮಧ್ಯಾಹ್ನ ನನ್ನ ಪಕ್ಕ ಸ್ಟೂಲ್ ಮೇಲೆ ಕೂತಿದ್ರು" ಅಂದರು. ನಾನು ಪತ್ರ ಮಡಿಸಿಟ್ಟು ಪಾಪುವಿನ ಬಟ್ಟೆ ಒಣಹಾಕಿದೆ. ಇದ್ದಬದ್ದ ಕ್ಲಿಪ್ಪುಗಳನ್ನೆಲ್ಲ ಒಂದೇ ಲಂಗೋಟಿಗೆ ಸಿಕ್ಕಿಸಿದ್ದೆ ಅನ್ನುವುದು ಉಳಿದದ್ದು ಗಾಳಿಗೆ ಹಾರಿದ ಮೇಲೆ ಗೊತ್ತಾಯಿತು.

ಈಗ ಹೇಳು, ಆ ಸಾಲಿನಲ್ಲಿ ನಿನ್ನ ಹೆಸರು ಹಾಕಲಾ? ಐವರಲ್ಲಿ ಮೂವರು ಬದುಕಿದ್ದಾರೆ, ಮೂವರೂ ಹಾಕು ಅಂದರು. ಹಾಕಿದರೆ ಅಪ್ಪನ ಕಟ್ಟಳೆಯನ್ನು ಅಪ್ಪನ ನೆನಪಿನ ಸಂಚಿಕೆಯಲ್ಲೇ ಮುರಿದ ಹಾಗೆ. ಹಾಕದಿದ್ದರೆ ಮುಂದೆ ಹಾಕಲು ಸಂಚಿಕೆಯೇ ಇಲ್ಲ. ಹೆಸರು ನಿನ್ನದು, ನಿನ್ನನ್ನು ಕೇಳದೆ ಮುಟ್ಟಲಾರೆ. ಇದನ್ನು ಇವತ್ತೇ ಕೊರಿಯರಿಗೆ ಹಾಕುತ್ತೇನೆ, ನಾಳೆ ಕೈಸೇರುತ್ತದೆ. ಗುರುವಾರ ಸಂಜೆಯೊಳಗೆ ಹೂಂ ಅಂತಲೋ ಊಹೂಂ ಅಂತಲೋ ಒಂದು ಮಾತು ತಿಳಿಸು. ಆ ಪುಟವನ್ನು ಅಲ್ಲಿಯವರೆಗೆ ತಡೆದಿಟ್ಟಿರುತ್ತೇನೆ.

ಗಂಟಲು ನೋಡಿಕೋ. ಪಾಪು ದೊಡ್ಡಮ್ಮನಿಗೆ ಮುತ್ತು ಕಳಿಸಿದ್ದಾಳೆ, ಕಾಗದದ ಮೂಲೆ ಒದ್ದೆಯಾಗಿರುವುದು ಅದರಿಂದಲೇ.

ನಿನ್ನ ಬಾಲಂಗೋಚಿ,
ತಂಗಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮೊಳೆ ಮಾಮ ಪುಟಗಳನ್ನು ಒಯ್ಯಲು ಬಂದರು. ಪಟ್ಟಿಯ ಪುಟ ಗುರುವಾರ ಕೊಡುತ್ತೇನೆ ಅನ್ನಲಿಕ್ಕೇ ಬಾಯಿ ತೆರೆದೆ. ಕೊಟ್ಟುಬಿಟ್ಟೆ, ನಿನ್ನ ಹೆಸರು ಬರೆದೇ ಕೊಟ್ಟೆ. ಕೇಳಿದರೆ ನೀನು ಊಹೂಂ ಅಂತೀಯ, ನೀನೂ ಅಪ್ಪನ ಮಗಳೇ ಅಲ್ವಾ. ಭಾನುವಾರ ಆರು ಗಂಟೆಗೆ ಇಪ್ಪತ್ತೆರಡು ಹೆಸರನ್ನೂ ಓದುತ್ತಾರೆ. ನಿನ್ನದನ್ನು ಕೂಗಿದಾಗ ನಿನ್ನ ಬದಲು ನಾನು ವೇದಿಕೆ ಹತ್ತುವುದಿಲ್ಲ. ಬೈಯುವುದಿದ್ದರೆ ಫೋನಿನಲ್ಲಿ ಬೇಡ, ಬಂದು ಬೈ. ಪಾಪುವನ್ನು ಎತ್ತಿಕೊಂಡೇ ಬೈ, ಅಷ್ಟು ಹೊತ್ತು ನಾನು ಮಲಗಿರುತ್ತೇನೆ.